ಪ್ಯಾಪರ್ಟನ ಗಿಯರು, ಅಕ್ಕನ ಅಳಗುಳಿ ಮಣೆ

‘ನಮ್ಮ ಕಾಲದ ಬಾಲ್ಯ’ ಅನ್ನೋ ಬರಹಗಳನ್ನ ಓದಿ ಓದಿ ನನಗೆ ಸಾಕಾಗಿದೆ. ಚಿನ್ನಿದಾಂಡು, ಲಗೋರಿ, ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಚಕ್ರ ಮಾಡಿದ ಗಾಡಿ, ಕೊನೆಗೆ ಈಗಿನ ಮಕ್ಕಳ ಬಗ್ಗೆ ಒಂದು ನಿಟ್ಟುಸಿರು. ನಾನೂ ಅಂಥವು ಎರಡು ಬರೆದಿದ್ದೇನೆ, ಲೈಕುಗಳೂ ಬಂದಿದ್ದವು. ಆ ಆಟಗಳಿಂದಲೇ ನಾವು ಇಷ್ಟು ಜಾಣರಾದೆವು ಅಂತ ಅವುಗಳಲ್ಲಿ ಒಂದು ಮಾತು ಸೇರಿಸಿದ್ದೆ. ಅದಕ್ಕೆ ಆಧಾರ ಏನು ಅಂತ ಯಾರೂ ಕೇಳಲಿಲ್ಲ.

ಈ ವಿಷಯದ ಮೇಲೆ ನಾನು ಓದಿರೋದರಲ್ಲಿ ಹೆಚ್ಚು ಪ್ರಾಮಾಣಿಕ ಅನ್ನಿಸಿದ್ದು ಸೀಮೋರ್ ಪ್ಯಾಪರ್ಟ್ 1980ರಲ್ಲಿ ಪ್ರಕಟಿಸಿದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಮುನ್ನುಡಿ. ಕೆಲವೇ ಪುಟಗಳದ್ದು, ತನ್ನ ಬಾಲ್ಯದ ಗಿಯರುಗಳ ಬಗ್ಗೆ. ಪ್ಯಾಪರ್ಟ್ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವನು, ಜಿನೀವಾದಲ್ಲಿ ಪಿಯಾಜೆ ಜೊತೆ ಮಕ್ಕಳ ಕಲಿಕೆಯನ್ನು ಹತ್ತಿರದಿಂದ ನೋಡಿದವನು, ಆಮೇಲೆ ಎಂಐಟಿ ಸೇರಿದ ಗಣಿತಜ್ಞ. 1967ರಲ್ಲಿ ಮಕ್ಕಳಿಗಾಗಿ ಲೋಗೋ ಭಾಷೆಯನ್ನ ಕಟ್ಟಿದವರಲ್ಲಿ ಒಬ್ಬ. ಶಾಲೆಯ ಕಂಪ್ಯೂಟರ್ ಪರದೆಯ ಮೇಲೆ ಆಮೆ ಓಡಿಸಿ ಚೌಕ ಬಿಡಿಸಿದ ನೆನಪು ನಿಮಗಿದ್ದರೆ, ಅದು ಇವರ ಆಮೆ.

ಎರಡು ವರ್ಷ ತುಂಬುವ ಮೊದಲೇ ಕಾರಿನ ಭಾಗಗಳ ಹೆಸರು ಬಾಯಿಪಾಠ ಆಗಿತ್ತಂತೆ. ಅದರಲ್ಲೂ ಡಿಫರೆನ್ಷಿಯಲ್ ಮೇಲೆ ವಿಶೇಷ ಮೋಹ. ಕಾರು ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ಸುತ್ತಬೇಕು, ಒಳಗಿನದು ಕಡಿಮೆ. ಎಂಜಿನ್ನಿನಿಂದ ಬರೋ ಒಂದೇ ತಿರುಗುವಿಕೆಯನ್ನ ಎರಡಕ್ಕೂ ಹಂಚಿಕೊಡೋದು ಡಿಫರೆನ್ಷಿಯಲ್. ಯಾವ ಚಕ್ರಕ್ಕೆ ಎಷ್ಟು ಅಂತ ಮೊದಲೇ ಬರೆದಿಟ್ಟಿಲ್ಲ, ಆದರೂ ನಿಯಮ ತಪ್ಪೋದಿಲ್ಲ. ಇದು ಆ ಹುಡುಗನಿಗೆ ದೊಡ್ಡ ಬೆರಗು. ಮುಂದೆ ಮಗ್ಗಿ ಕಲಿಯುವಾಗ ಗಿಯರುಗಳನ್ನೇ ತಲೆಯಲ್ಲಿ ತಿರುಗಿಸಿದ. ಎರಡು ಅಜ್ಞಾತಗಳ ಸಮೀಕರಣ ಎದುರಾದಾಗ ಕಂಡಿದ್ದೂ ಡಿಫರೆನ್ಷಿಯಲ್ಲೇ, ಯಾವ ಗಿಯರಿಗೆ ಎಷ್ಟು ಹಲ್ಲು ಬೇಕು ಅಂತ ಯೋಚಿಸಿದರೆ ಸಮೀಕರಣ ಹಳೇ ಗೆಳೆಯನ ಹಾಗೆ ಆಯಿತು.

ಇಷ್ಟೇ ಆಗಿದ್ದರೆ ಇದೂ ಒಂದು ‘ನಮ್ಮ ಕಾಲದ ಬಾಲ್ಯ’ ಆಗ್ತಿತ್ತು. ಆದರೆ ಪ್ಯಾಪರ್ಟ್ ಅಲ್ಲಿ ನಿಂತು ಓದುಗರಿಗೆ ಎಚ್ಚರಿಕೆ ಕೊಡುತ್ತಾನೆ. ನನ್ನ ಕಥೆ ಕೇಳಿ ಯಾರಾದರೂ ಎಲ್ಲಾ ಮಕ್ಕಳಿಗೂ ಗಿಯರ್ ಸೆಟ್ ಕೊಡಿಸೋಕೆ ಹೊರಟರೆ ಕಥೆಯ ತಿರುಳೇ ತಪ್ಪಿತು, ನಾನು ಗಿಯರುಗಳನ್ನ ಪ್ರೀತಿಸಿದ್ದೆ ಅನ್ನೋದು ಇಲ್ಲಿ ಮುಖ್ಯ ಅಂತ. ಎಂಥ ಮಾತು! ಇದೇ ಪುಸ್ತಕದ ಹೆಸರಿಟ್ಟುಕೊಂಡು 1998ರಲ್ಲಿ ಒಂದು ರೋಬೋ ಕಿಟ್ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂತು ಅನ್ನೋದು ಬೇರೆ ವಿಷಯ. (ನಮ್ಮ ಮನೆಯಲ್ಲೂ ಬೇರೊಂದು ಕಿಟ್ ಇದೆ. ಮಗಳು ಅದರ ಡಬ್ಬಿಯಲ್ಲಿ ಕ್ಲಿಪ್ಪು, ರಬ್ಬರ್‌ಬ್ಯಾಂಡು ಇಟ್ಟುಕೊಂಡಿದ್ದಾಳೆ.)

ಪ್ಯಾಪರ್ಟನ ಮಾತನ್ನ ನಾನು ನಂಬೋದಕ್ಕೆ ನನ್ನದೇ ಕಾರಣ ಇದೆ. ಮಂಡ್ಯ ಕಡೆ ನಾಲೆ ನೀರಿನ ಊರು ನಮ್ಮದು. ಅಪ್ಪ ಗದ್ದೆಗೆ ನೀರು ಕಟ್ಟುವಾಗ ನಾನು ಮೂಲೆಯಲ್ಲಿ ಕೂತು ಗೇಣುದ್ದದ ಗದ್ದೆಗಳನ್ನ ಮಾಡಿ, ಕೈಯಲ್ಲೇ ಬದ ಹಾಕಿ, ಮಡೆ ಒಡೆದು, ಮತ್ತೆ ಕಟ್ಟಿ ಆಡ್ತಿದ್ದೆ. ಮೇಲಿಂದ ಬರೋ ನೀರು ಹೆಚ್ಚಾಗಿ, ಕೆಳಕ್ಕೆ ಬಿಡೋ ಮಡೆ ಸಣ್ಣದಾದರೆ ಎಲ್ಲೋ ಒಂದು ಕಡೆ ಬದ ಕಿತ್ತುಕೊಂಡು ಹೋಗೋದು ಗ್ಯಾರಂಟಿ. ಕಿತ್ತ ಜಾಗಕ್ಕೆ ಮಣ್ಣು ತುಂಬಿ ಏನೂ ಪ್ರಯೋಜನ ಇಲ್ಲ, ಮೇಲಕ್ಕೆ ಓಡಿಹೋಗಿ ನೀರನ್ನೇ ಕಡಿಮೆ ಮಾಡಬೇಕು. ವರ್ಷಗಳ ಮೇಲೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ರಾತ್ರಿ ಮೆಸೇಜ್ ಕ್ಯೂ ತುಂಬಿ ಸರ್ವರುಗಳು ಒಂದೊಂದಾಗಿ ಬೀಳ್ತಾ ಇದ್ದವು. ಎಲ್ಲರೂ ಬಿದ್ದ ಸರ್ವರಿಗೆ ಮೆಮೊರಿ ಹೆಚ್ಚಿಸ್ತಿದ್ದರು. ನನಗೆ ಕಂಡಿದ್ದು ಕಿತ್ತ ಬದ. ಮೇಲಿನ ಮಡೆ ಕಟ್ಟಿ ಅಂದೆ. ಅದಕ್ಕೆ ಬ್ಯಾಕ್‌ಪ್ರೆಶರ್ ಅನ್ನೋ ಹೆಸರಿದೆ ಅಂತ ಆಮೇಲೆ ಗೊತ್ತಾಯಿತು.

ಹಾಗಾದರೆ ಪ್ಯಾಪರ್ಟ್ ಹೇಳಿದ್ದು ಸರಿ, ಪ್ರೀತಿಯಿಂದ ಆಡಿದ್ದು ಮುಂದೆ ಕೈಹಿಡಿಯುತ್ತೆ ಅಂತ ಮುಗಿಸಬಹುದಿತ್ತು. ಮುಗಿಸೋಕೆ ಬಿಡದೆ ಇರೋದು ಅಕ್ಕ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಕೆಸರಲ್ಲಿ ಆಡೋ ಹೊತ್ತಲ್ಲಿ ಅವಳು ಪಾತ್ರೆ ತೊಳೆಯಬೇಕಿತ್ತು, ‘ಹೆಣ್ಣುಮಗು, ಒಳಗೆ ಬಾ’ ಅನ್ನೋ ಕೂಗು ಅವಳಿಗೆ ಮಾತ್ರ. ಅವಳಿಗೆ ಸಿಕ್ಕಿದ್ದು ರಾತ್ರಿ ಹೊತ್ತು ಅಜ್ಜಿ ಜೊತೆ ಅಳಗುಳಿ ಮಣೆ. ಎರಡು ಸಾಲು, ಸಾಲಿಗೆ 7 ಗುಳಿ. ನಮ್ಮನೆ ಲೆಕ್ಕದಲ್ಲಿ ಗುಳಿಗೆ 5 ಹುಣಸೆ ಬೀಜ. ಒಂದು ಗುಳಿಯ ಬೀಜ ಎತ್ತಿ ಒಂದೊಂದಾಗಿ ಹಾಕ್ತಾ ಹೋಗಬೇಕು. ಕೈ ಖಾಲಿ ಆದಾಗ ಮುಂದಿನ ಗುಳಿಯದ್ದನ್ನ ಎತ್ತಿ ಮತ್ತೆ ಹಾಕಬೇಕು, ಮುಂದಿನ ಗುಳಿಯೂ ಖಾಲಿ ಸಿಕ್ಕರೆ ಅದರಾಚೆಯದ್ದು ನಿಮ್ಮದು. ಎತ್ತುವ ಮೊದಲೇ ‘ಇಲ್ಲಿ ನಿಲ್ಲುತ್ತೆ, ಏಳು ಸಿಗುತ್ತೆ’ ಅಂತ ಅಕ್ಕ ಹೇಳ್ತಿದ್ದಳು. ಆಗ ಅವಳಿಗೆ ಹತ್ತು ಹನ್ನೊಂದು ವರ್ಷ. ನಾನು ಬೆರಳಿಟ್ಟು ಎಣಿಸುವಷ್ಟರಲ್ಲಿ ಅವಳ ತಲೆಯೊಳಗೆ ಬೀಜಗಳು ಎರಡು ಸುತ್ತು ಬಂದಿರುತ್ತಿದ್ದವು. ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಒಂದು ಲೂಪನ್ನ ಪೂರ್ತಿ ಮನಸ್ಸಲ್ಲೇ ಓಡಿಸೋದು. ಪ್ರೀತಿಗೆ ಕೊರತೆ ಇರಲಿಲ್ಲ, ಊಟ ಬಿಟ್ಟು ಆಡಿದ್ದಾಳೆ.

ಪಿಯುಸಿ ಮುಗೀತು, ಮದುವೆ ಆಯಿತು. ಅವಳಲ್ಲಿ ಇದ್ದದ್ದು ಗಣಿತ ಅಂತ ಯಾವ ಮೇಷ್ಟರೂ ಹೇಳಲಿಲ್ಲ. ಹೇಳೋದಕ್ಕೆ ಅವರು ಅಳಗುಳಿ ಮಣೆಯನ್ನ ನೋಡಬೇಕಿತ್ತಲ್ಲ.

ಪ್ಯಾಪರ್ಟನ ಮುನ್ನುಡಿ ಹಗುರವಾಗಿ ದಾಟಿಹೋಗೋದು ಇಲ್ಲೇ. ಅವನ ಗಿಯರುಗಳನ್ನ ಎದುರುಗೊಳ್ಳೋಕೆ ಶಾಲೆಯಲ್ಲಿ ಮಗ್ಗಿ ಇತ್ತು, ಸಮೀಕರಣ ಇತ್ತು. ಪ್ರೀತಿಸಿದ್ದು ಅವನ ಭಾಗ್ಯ ಸರಿ, ಆದರೆ ಪ್ರೀತಿಸಿದ ವಸ್ತು ಶಾಲೆ ಅಂಕ ಕೊಡುವಂಥದ್ದೇ ಆಗಿತ್ತಲ್ಲ, ಅದು ಎರಡನೇ ಭಾಗ್ಯ. ಅದರ ಬಗ್ಗೆ ಮುನ್ನುಡಿ ಮಾತಾಡೋದಿಲ್ಲ. ಒಂಟಿ ಗಿಯರು ಎಷ್ಟು ತಿರುಗಿದರೇನು, ಅದರ ಹಲ್ಲಿಗೆ ಇನ್ನೊಂದು ಗಿಯರಿನ ಹಲ್ಲು ಸಿಗಬೇಕು. ಇದು ಗಿಯರು ಪ್ರೀತಿಸಿದವನಿಗೇ ಹೊಳೆಯಲಿಲ್ಲ ಅನ್ನೋದು ನನಗೆ ಆಶ್ಚರ್ಯ.

ಪೂರ್ತಿ ಹೊಳೆಯಲಿಲ್ಲ ಅಂದರೆ ಅನ್ಯಾಯ ಆದೀತು. ಮುಂದಿನ ಅಧ್ಯಾಯಗಳಲ್ಲಿ ಶಾಲೆಯ ಗಣಿತದ ಜೊತೆ ಆತ ಚೆನ್ನಾಗಿಯೇ ಜಗಳ ಆಡುತ್ತಾನೆ. ಆಮೆ ವೃತ್ತ ಬಿಡಿಸೋದು ಹೇಗೆ ಅಂತ ಗೊತ್ತಾಗದ ಮಗುವಿಗೆ ನೀನೇ ನಡೆದು ನೋಡು ಅನ್ನುವ ಜಾಗ ನನಗೆ ಬಹಳ ಇಷ್ಟ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ಮಗಳ ಕೈಲಿ ಮಾಡಿಸಿಯೂ ನೋಡಿದೆ. ಒಂದು ಹೆಜ್ಜೆ, ಸ್ವಲ್ಪ ತಿರುಗು, ಒಂದು ಹೆಜ್ಜೆ, ಸ್ವಲ್ಪ ತಿರುಗು. ಹೊರಟಲ್ಲಿಗೇ ಬಂದು ನಿಂತಾಗ ಅವಳ ಮುಖ ನೋಡಬೇಕಿತ್ತು. ಆದರೆ ಪ್ಯಾಪರ್ಟ್ ಕೊಡೋ ಪರಿಹಾರ ಕಂಪ್ಯೂಟರ್. ಅದು ಸಾವಿರ ರೂಪ ತಾಳಬಲ್ಲದು, ಹಾಗಾಗಿ ಪ್ರತಿ ಮಗುವಿಗೂ ತನ್ನದೇ ‘ಗಿಯರು’ ಅದರಲ್ಲಿ ಸಿಗುತ್ತೆ ಅಂತ. ಈ ಭರವಸೆಯಿಂದಲೇ ಹೊಟ್ಟೆ ಹೊರೆಯೋ ನನಗೂ ಇದನ್ನ ಒಪ್ಪೋಕೆ ಕಷ್ಟ. ಅಕ್ಕನಿಗೆ ಹೊಸ ವಸ್ತು ಬೇಕಿರಲಿಲ್ಲ. ಇದ್ದ ಮಣೆಯನ್ನ ಕಂಡು ‘ಇದೇನು ಮಾಡ್ತಿದ್ದೀಯ, ಹೇಳು’ ಅಂತ ಕೇಳೋ ಒಬ್ಬರು ಬೇಕಿತ್ತು. ಅದನ್ನ ಯಾವ ಕಿಟ್ಟಿನ ಡಬ್ಬಿಗೂ ಹಾಕಿ ಮಾರೋಕಾಗಲ್ಲ.

ಹೋದ ದಸರಾ ರಜೆಗೆ ಅಕ್ಕ ಬಂದಿದ್ದಳು. ಮಗಳಿಗೆ ಅಳಗುಳಿ ಮಣೆ ಹೇಳಿಕೊಡ್ತಾ ಕೂತಿದ್ದಳು. ನಾನು ಲ್ಯಾಪ್‌ಟಾಪ್ ತೆಗೆದು ಅರ್ಧ ಗಂಟೆಯಲ್ಲಿ ಒಂದು ಪ್ರೋಗ್ರಾಮ್ ಬರೆದೆ. ಮಣೆಯ ಸ್ಥಿತಿ ಕೊಟ್ಟರೆ ಯಾವ ಗುಳಿ ಎತ್ತಿದರೆ ಹೆಚ್ಚು ಬೀಜ ಸಿಗುತ್ತೆ ಅಂತ ಅದು ಹೇಳಬೇಕು. ‘ಮೂರನೇದು’ ಅಂತ ಬಂತು. ಹೆಮ್ಮೆಯಿಂದ ಅಕ್ಕನಿಗೆ ತೋರಿಸಿದೆ. ಅವಳು ಮಣೆ ಕಡೆ ಒಂದು ಸಲ ನೋಡಿ, ಐದನೇದನ್ನ ಎತ್ತಿದಳು.

‘ನಿನ್ನ ಕಂಪ್ಯೂಟ್ರು ನನ್ನ ಆಟ ಒಂದೇ ನೋಡ್ತು ಕಣೋ. ಆಮೇಲೆ ಇವಳು ಏನು ಎತ್ತುತ್ತಾಳೆ ಅಂತ ನೋಡ್ಲೇ ಇಲ್ಲ.’