ಚಂದ್ರಿಯ ದಿನಲೆಕ್ಕ

‘ಸಂಸ್ಕಾರ’ವನ್ನು ಸಾಂಕ್ರಾಮಿಕದ ಕಾದಂಬರಿಯಾಗಿ ಓದುವುದು 2020ರ ನಂತರ ನಮ್ಮ ವಿಚಾರಸಂಕಿರಣಗಳಲ್ಲಿ ರೂಢಿಯಾಗಿದೆ. ಸತ್ತ ಇಲಿಗಳು, ಮನೆಗಳ ಮೇಲೆ ಬಂದು ಕೂರುವ ಹದ್ದುಗಳು, ಯಾರೂ ಮುಟ್ಟಲೊಲ್ಲದ ಹೆಣ, ಎಲ್ಲವೂ ಕೋವಿಡ್ ಕಾಲಕ್ಕೆ ಸಲೀಸಾಗಿ ಹೊಂದುತ್ತವೆ. ಇಂಥ ಹಲವು ಪ್ರಬಂಧಗಳನ್ನು ಕೇಳಿದ ಮೇಲೆ ನನಗೊಂದು ಕೊರತೆ ಕಾಣತೊಡಗಿತು. ಅವುಗಳಲ್ಲಿ ನಾರಣಪ್ಪನ ಹೆಣವಿದೆ, ಪ್ರಾಣೇಶಾಚಾರ್ಯರ ಸಂಕಟವಿದೆ. ಚಂದ್ರಿ ಬಸಿರಾಗಿರಬಹುದು ಎಂಬುದು ಮಾತ್ರ ಯಾರ ಗಮನಕ್ಕೂ ಬಂದಂತಿಲ್ಲ.

ಕಾದಂಬರಿ ಇದನ್ನು ಮುಚ್ಚಿಡುವುದಿಲ್ಲ. ಆಚಾರ್ಯರಂಥವರಿಂದ ಬಸಿರು ನಿಲ್ಲುವುದು ಪುಣ್ಯ ಎಂಬ ತಾಯಿಯ ಮಾತು ಚಂದ್ರಿಯ ಮನಸ್ಸಿನಲ್ಲಿದೆ. ಕಾಡಿನ ಆ ರಾತ್ರಿಯ ನಂತರ ಅವಳು ಅಹ್ಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಸುಟ್ಟು ಕುಂದಾಪುರದ ಹಾದಿ ಹಿಡಿಯುತ್ತಾಳೆ. ಕಥನ ಅವಳ ಹಿಂದೆ ಹೋಗುವುದಿಲ್ಲ. ಆಚಾರ್ಯರ ಹಿಂದೆ ಹೋಗುತ್ತದೆ, ಮೇಳಿಗೆಯ ಜಾತ್ರೆಯವರೆಗೂ. ಸುಟ್ಟು ಬೂದಿಯಾದ ಹೆಣದ ಸಂಸ್ಕಾರಕ್ಕಾಗಿ ಬ್ರಾಹ್ಮಣರು ಇನ್ನೂ ಊರೂರು ತಿರುಗುತ್ತಿದ್ದಾರೆ. ಜೀವವೊಂದು ಮೊಳೆತಿರಬಹುದಾದ ದೇಹ ಪುಟದಿಂದಾಚೆ ಹೋಗಿಯಾಗಿದೆ.

ಇದು ರೂಪಕಪ್ರಧಾನ ಕೃತಿ, ಅದಕ್ಕೆ ಇಂಥ ಲೌಕಿಕ ಪ್ರಶ್ನೆ ಹಾಕಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೆಣ ಕೊಳೆಯುವ ಕಾಲವನ್ನು ಈ ಕಾದಂಬರಿ ಗಂಟೆಗಂಟೆಗೂ ಲೆಕ್ಕ ಇಡುತ್ತದೆ. ಹೆಣ ಎತ್ತುವವರೆಗೆ ಊಟವಿಲ್ಲ, ಪೂಜೆಯಿಲ್ಲ. ಹಸಿವಿಗೂ ವಾಸನೆಗೂ ಅಲ್ಲಿ ದಿನವಿದೆ, ಹೊತ್ತಿದೆ. ಗರ್ಭದ ಕಾಲಕ್ಕೆ ಮಾತ್ರ ಇಲ್ಲ.

ಲಾಕ್‌ಡೌನಿನ ಲೆಕ್ಕವೂ ಹೀಗೆಯೇ ಇತ್ತು. ಪ್ರತಿ ಸಂಜೆ ಸೋಂಕಿತರೆಷ್ಟು, ಸತ್ತವರೆಷ್ಟು ಎಂದು ಸಂಖ್ಯೆ ಬರುತ್ತಿತ್ತು. ಮಾರ್ಚ್ 25ರಿಂದ ದೇಶ ಮುಚ್ಚಿತು. ಚಂದ್ರಿ ಆಗ ಇದ್ದಿದ್ದರೆ ಕುಂದಾಪುರಕ್ಕೆ ಬಸ್ಸೇ ಇರುತ್ತಿರಲಿಲ್ಲ. ಗರ್ಭಪಾತವೂ ಸೇರಿದಂತೆ ತಾಯಂದಿರ ಆರೈಕೆ ಅಗತ್ಯ ಸೇವೆ, ಅದು ನಿಲ್ಲಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಬಂದದ್ದು ಏಪ್ರಿಲ್ 14ರಂದು. ಮೂರು ವಾರ ತಡ. ಇದೇನು ಮಹಾ ತಡ ಎನಿಸಬಹುದು. ಆದರೆ ಆಗಿನ ನಿಯಮದಲ್ಲಿ ಮಾತ್ರೆಯಿಂದ ಗರ್ಭಪಾತಕ್ಕೆ ಇದ್ದ ಮಿತಿ 7 ವಾರ. 6ನೇ ವಾರದಲ್ಲಿದ್ದವಳು ಮಾರ್ಗಸೂಚಿಗೆ ಕಾದು ಕೂತಿದ್ದರೆ 9ನೇ ವಾರಕ್ಕೆ ಬಂದಿರುತ್ತಾಳೆ; ಮಾತ್ರೆಯ ದಾರಿ ಮುಚ್ಚಿ ಆಸ್ಪತ್ರೆಯ ದಾರಿಯೊಂದೇ ಉಳಿದಿರುತ್ತದೆ. ಆಸ್ಪತ್ರೆ ಕೋವಿಡ್ ವಾರ್ಡಾಗಿದ್ದರೆ ಅದೂ ಇಲ್ಲ. ಮಾರ್ಚ್ 25ರಿಂದ ಮೂರು ತಿಂಗಳಲ್ಲಿ ಸುಮಾರು 18.5 ಲಕ್ಷ ಗರ್ಭಪಾತಗಳಿಗೆ ತೊಡಕಾಗಿರಬಹುದು ಎಂದು ಇಪಾಸ್ ಡೆವಲಪ್‌ಮೆಂಟ್ ಫೌಂಡೇಶನ್ ಅಂದಾಜಿಸಿತು. ಅದರಲ್ಲಿ ಹೆಚ್ಚಿನ ಪಾಲು ಔಷಧದಂಗಡಿಯಲ್ಲಿ ಮಾತ್ರೆ ಸಿಗದೇ ಹೋದದ್ದು.

ಕಾನೂನಿನ ಕಥೆ ಇನ್ನೂ ವಿಚಿತ್ರ. ಕೆಲವು ವರ್ಗದ ಮಹಿಳೆಯರಿಗೆ ಗರ್ಭಪಾತದ ಮಿತಿಯನ್ನು 20 ವಾರದಿಂದ 24ಕ್ಕೆ ಏರಿಸುವ ತಿದ್ದುಪಡಿಯನ್ನು ಲೋಕಸಭೆ ಅಂಗೀಕರಿಸಿದ್ದು 2020ರ ಮಾರ್ಚ್ 17ರಂದು, ಲಾಕ್‌ಡೌನಿಗೆ ವಾರವಿರುವಾಗ. ರಾಜ್ಯಸಭೆ ಅದನ್ನು ಅಂಗೀಕರಿಸಿದ್ದು 2021ರ ಮಾರ್ಚ್ 16ರಂದು. ಜಾರಿಯಾದದ್ದು ಆ ಸೆಪ್ಟೆಂಬರ್‌ನಲ್ಲಿ. ನಾಲ್ಕು ವಾರ ಹೆಚ್ಚಿಗೆ ಕೊಡಲು ಒಂದೂವರೆ ವರ್ಷ ಹಿಡಿಯಿತು.

ಅನಂತಮೂರ್ತಿಯವರದೇ ‘ಘಟಶ್ರಾದ್ಧ’ವನ್ನು ಈ ಹಿನ್ನೆಲೆಯಲ್ಲಿ ‘ಸಂಸ್ಕಾರ’ದ ಜೊತೆಗಿಟ್ಟು ಓದಬೇಕು ಎನಿಸುತ್ತದೆ. ಅಲ್ಲಿ ಪ್ಲೇಗಿಲ್ಲ, ಆದರೂ ಅಗ್ರಹಾರ ಮುಚ್ಚಿಯೇ ಇದೆ. ವಿಧವೆ ಯಮುನಕ್ಕನ ಬಸಿರು ಕದ್ದುಮುಚ್ಚಿ ತೆಗೆಯಬೇಕಾದದ್ದು. ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡುತ್ತಾರೆ. ಕಥೆಯಾಗಿಯೂ, 1977ರ ಕಾಸರವಳ್ಳಿಯವರ ಸಿನಿಮಾವಾಗಿಯೂ ಅದು ನಮ್ಮನ್ನು ಕಾಡುವುದು ನಾಣಿಯ ಕಣ್ಣಿನಿಂದಾಗಿ. ಬಸಿರೆಂದರೇನೆಂದು ಪೂರ್ತಿ ತಿಳಿಯದ ಹುಡುಗ ಅವಳ ಪಕ್ಕದಲ್ಲಿದ್ದಾನೆ. ಚಂದ್ರಿಗೆ ಅಂಥ ನಾಣಿಯೂ ಇಲ್ಲ. ನನ್ನ ಮಟ್ಟಿಗೆ ‘ಸಂಸ್ಕಾರ’ ದೊಡ್ಡ ಕೃತಿ, ‘ಘಟಶ್ರಾದ್ಧ’ ಹೆಚ್ಚು ನ್ಯಾಯವಂತ ಕೃತಿ.

ನಾನು ಓದಿದ ಲಾಕ್‌ಡೌನ್ ಕಥೆಗಳಲ್ಲಿ ಬಸುರಿ ಬರುವುದು ಹೆದ್ದಾರಿಯಲ್ಲಿ. ಗಂಡನ ಜೊತೆ ನೂರಾರು ಮೈಲಿ ನಡೆಯುವವಳು, ದಾರಿಯಲ್ಲಿ ಹೆರುವವಳು. ಅವಳ ನೋವು ಸುಳ್ಳಲ್ಲ. ಆದರೆ ಅವಳು ಮರುಕಕ್ಕೆ ಸುಲಭವಾಗಿ ಸಿಗುತ್ತಾಳೆ. ಬಾಡಿಗೆ ಕೋಣೆಯಲ್ಲಿ ಕ್ಯಾಲೆಂಡರ್ ನೋಡುತ್ತ, ಗಂಡನಿಗೋ ಅತ್ತೆಗೋ ಕೇಳಿಸದಂತೆ ಮಾತ್ರೆಗಾಗಿ ಫೋನು ಮಾಡುವವಳ ಕಥೆ ಮರುಕಕ್ಕೆ ಅಷ್ಟು ಬೇಗ ಒಗ್ಗುವುದಿಲ್ಲ. ಅವಳಿಗೆ ಮಗು ಬೇಡ. ನಮ್ಮ ಕಥೆಗಾರರು ಆ ‘ಬೇಡ’ವನ್ನು ದುರಂತದ ಅಲಂಕಾರವಿಲ್ಲದೆ ಬರೆಯಲು ಈಗಲೂ ಹಿಂಜರಿಯುತ್ತಾರೆ.

ಬರೆಯಲು ಸಾಕ್ಷಿಯೇ ಇರಲಿಲ್ಲ ಎನ್ನುವಂತಿಲ್ಲ. ಯಾರ ಮನೆಯಲ್ಲಿ ಮುಟ್ಟು ತಪ್ಪಿದೆ, ಯಾರಿಗೆ ನುಂಗುವ ಗುಳಿಗೆ ಮುಗಿದಿದೆ ಎಂಬುದು ಹಳ್ಳಿಯಲ್ಲಿ ಮೊದಲು ಗೊತ್ತಾಗುವುದು ಆಶಾ ಕಾರ್ಯಕರ್ತೆಗೆ. ಆ ತಿಂಗಳುಗಳಲ್ಲಿ ಅವರನ್ನು ಅದೇ ಮನೆಗಳ ಬಾಗಿಲಿಗೆ ಕಳಿಸಿ ಜ್ವರವಿದೆಯೇ, ಕೆಮ್ಮಿದೆಯೇ, ಹೊರಗಿನಿಂದ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿಸಲಾಯಿತು. 2020ರ ಜುಲೈ 10ರಂದು ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ಕೇಳಿದ್ದು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ, ಜೊತೆಗೆ ಮಾಸ್ಕು, ಸ್ಯಾನಿಟೈಸರು.