ಕೈದಿಗಳು ಕಡಿದ ಗುಡ್ಡದ ರೀಸ್ಲಿಂಗ್

ಸರ್ಕಾರ ಮಾಡಿದ ವೈನ್ ಎಂದರೆ ಮೂಗು ಮುರಿಯುವವರಿಗೆ ನಾನು ಜರ್ಮನಿಯ ನಾಹೆ ಕಣಿವೆಯ ಕಥೆ ಹೇಳುವುದುಂಟು. ನಾಹೆ ದೊಡ್ಡ ನದಿಯೇನಲ್ಲ. ಬಿಂಗೆನ್ ಬಳಿ ರೈನ್ ಸೇರಿ ಮುಗಿದುಹೋಗುತ್ತದೆ. ಅದರ ದಂಡೆಯ ನೀಡರ್‌ಹೌಸನ್, ಶ್ಲೋಸ್‌ಬೋಕೆಲ್‌ಹೈಮ್ ಊರುಗಳ ಸೀಮೆಯಲ್ಲಿ 1902ರಲ್ಲಿ ಅಂದಿನ ಪ್ರಷ್ಯ ರಾಜ್ಯದ ಸರ್ಕಾರ ಮಾದರಿ ದ್ರಾಕ್ಷಿ ತೋಟವೊಂದನ್ನು ಶುರುಮಾಡಿತು. ಬುದ್ಧಿಯಿರುವ ರೈತ ಕೈ ಹಾಕುವ ಜಾಗವಲ್ಲ ಅದು. ಕುರುಚಲು ಕಾಡು, ಬಂಡೆ, ಎಂದೋ ಕೈಬಿಟ್ಟ ತಾಮ್ರದ ಗಣಿ. ಆದರೆ ಇಳಿಜಾರು ದಕ್ಷಿಣಕ್ಕೆ ಮುಖಮಾಡಿತ್ತು. 50ನೇ ಅಕ್ಷಾಂಶದ ಹತ್ತಿರ, ಬಿಸಿಲಿಗೇ ಬರವಿರುವಲ್ಲಿ, ತಡವಾಗಿ ಮಾಗುವ ರೀಸ್ಲಿಂಗ್ ದ್ರಾಕ್ಷಿಗೆ ಬೇಕಾದದ್ದು ಅದೇ.

ಕಾಡು ಕಡಿದವರು, ಬಂಡೆ ಒಡೆದವರು, ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಸಮಮಾಡಿದವರು ಜೈಲಿನ ಕೈದಿಗಳು. ಸೀಸೆಯ ಚೀಟಿಯ ಮೇಲೆ ಪ್ರಷ್ಯದ ಹದ್ದು ಬಂತು. ಅವರ ಸುದ್ದಿ ಎಲ್ಲೂ ಬರಲಿಲ್ಲ. ಈ ವೈನನ್ನು ಹೊಗಳುವಾಗಲೆಲ್ಲ ನನಗೆ ಸಣ್ಣ ಮುಜುಗರವಾಗುವುದು ಇದಕ್ಕೇ.

ಗಣಿಯಿದ್ದ ಇಳಿಜಾರಿಗೆ ಕುಪ್ಫರ್‌ಗ್ರೂಬೆ, ಅಂದರೆ ತಾಮ್ರದ ಗಣಿ, ಎಂದೇ ಹೆಸರು ನಿಂತಿತು. ನೆಲ ಜ್ವಾಲಾಮುಖಿಯ ಕಲ್ಲಿನದು. ಇದರ ವೈನ್ ಎಳೆಯದರಲ್ಲಿ ಮುಖ ಕೊಟ್ಟು ಮಾತಾಡುವುದಿಲ್ಲ: ಬಿಗಿಯಾದ ಹುಳಿ, ಹೊಗೆಯಂಥ ಒಂದು ವಾಸನೆ, ಅಷ್ಟೇ. ಹತ್ತು ವರ್ಷ ಬಿಟ್ಟು ತೆರೆದರೆ ಬೇರೆಯದೇ ವೈನ್. ಸಮೀಪದ ಹೆರ್ಮನ್ಸ್‌ಹ್ಯೋಲೆಯ ಮಣ್ಣಿನಲ್ಲಿ ಸ್ಲೇಟು ಕಲ್ಲು ಹೆಚ್ಚು. ತೆರಿಗೆಗಾಗಿ ಪ್ರಷ್ಯದ ಅಧಿಕಾರಿಗಳು ತೋಟಗಳಿಗೆ ದರ್ಜೆ ಹಾಕಿದಾಗ ಇದು ಮೇಲಿನ ಸಾಲಿನಲ್ಲಿತ್ತು. ಮೊದಲ ಗುಟುಕಿಗೇ ಒಲಿಯುವ ವೈನ್ ಬೇಕಾದವರು ಇಲ್ಲಿಯದನ್ನು ಕೊಳ್ಳಲಿ. ನನ್ನ ಮತ ಮಾತ್ರ ಗಣಿಗುಡ್ಡಕ್ಕೆ. ಇನ್ನು ಇದೇ ಸರ್ಕಾರಿ ತೋಟಕ್ಕೆ ಸೇರಿದ, ಟ್ರೈಸನ್ ಊರಿನ ಬಾಸ್ಟೈ ಎಂಬ ಪುಟ್ಟ ತುಂಡು. ಸುಮಾರು 200 ಮೀಟರ್ ಎತ್ತರದ ರೋಟನ್‌ಫೆಲ್ಸ್ ಕೆಂಬಂಡೆಯ ಬುಡದಲ್ಲಿ, ಮೇಲಿಂದ ಉದುರಿದ ಕಲ್ಲುಪುಡಿಯಲ್ಲೇ ಬಳ್ಳಿಗಳು ನಿಂತಿವೆ. ಹಗಲಿನ ಕಾವನ್ನು ಬಂಡೆ ಹಿಡಿದಿಟ್ಟು ರಾತ್ರಿ ಬಿಡುತ್ತದೆ.

ಎರಡನೆಯ ಮಹಾಯುದ್ಧದ ಬಳಿಕ ಪ್ರಷ್ಯವೇ ಇಲ್ಲವಾಯಿತು. ತೋಟ ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯದ ಪಾಲಾಯಿತು. ದಶಕಗಳ ಕಾಲ ಇದು ಜರ್ಮನಿಯ ಒಳ್ಳೆಯ ಬಿಳಿ ವೈನ್‌ಗಳ ಪಂಕ್ತಿಯಲ್ಲಿತ್ತು. ತಮಾಷೆಯೆಂದರೆ, ನಾಹೆಗೆ ಪ್ರತ್ಯೇಕ ವೈನ್ ಪ್ರದೇಶವೆಂಬ ಕಾನೂನಿನ ಮಾನ್ಯತೆ ಸಿಕ್ಕಿದ್ದು 1971ರಲ್ಲಿ. ಆಮೇಲೆ ಹಳೆಯ ಹೊಳಪು ಮಾಸಿತು. ಯಂತ್ರ ಹತ್ತದ ಇಳಿಜಾರಿನಲ್ಲಿ ಕೆಲಸವೆಲ್ಲ ಕೈಯಿಂದಲೇ ಆಗಬೇಕು, ಕೂಲಿಯ ಖರ್ಚು ಇಳಿಯುವುದಿಲ್ಲ. 1998ರಲ್ಲಿ ಸರ್ಕಾರ ಖಾಸಗಿಯವರಿಗೆ ಮಾರಿತು. ಸುಮಾರು ಹತ್ತು ವರ್ಷಗಳ ಬಳಿಕ ಮತ್ತೆ ಕೈ ಬದಲಾಗಿ, ಈಗ ಅದು ಗುಟ್ ಹೆರ್ಮನ್ಸ್‌ಬೆರ್ಗ್. ಮನೆಯ ಸುತ್ತಲಿನ, ಬೇರೆ ಯಾರಿಗೂ ಪಾಲಿಲ್ಲದ ಹೆರ್ಮನ್ಸ್‌ಬೆರ್ಗ್ ತೋಟದ್ದೇ ಈ ಹೆಸರು.

ಹೊಸಬರು ಸಿಹಿಯಿಲ್ಲದ ‘ಒಣ’ ರೀಸ್ಲಿಂಗ್ ಕಡೆ ವಾಲಿದ್ದಾರೆ, ಕುಪ್ಫರ್‌ಗ್ರೂಬೆಯನ್ನು ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಟ್ಟು ಆಮೇಲೆ ಮಾರುಕಟ್ಟೆಗೆ ಬಿಡುತ್ತಾರೆ. ಬಡ್ಡಿಯ ಲೆಕ್ಕ ಹಾಕಿದರೆ ಹುಚ್ಚು ಸಾಹಸ, ಕುಡಿಯುವವನಿಗೆ ಉಪಕಾರ. ಹರಾಜಿನಲ್ಲಿ ಹದ್ದಿನ ಚೀಟಿಯ ಹಳೆಯ ಸೀಸೆ ಕಂಡರೆ ಇಸವಿ ನೋಡುವ ಮೊದಲು ವೈನ್ ಕತ್ತಿನ ಯಾವ ಮಟ್ಟದಲ್ಲಿದೆ ನೋಡಿ. ಕತ್ತಿನಿಂದ ಕೆಳಗೆ ಇಳಿದಿದ್ದರೆ ದುಡ್ಡು ಹಾಕಬೇಡಿ.