ಕಿಟಕಿಯ ಬಳಿಗೆ ಬಂದ ಕುರುಡವ್ವ

ಗಿರೀಶ ಕಾರ್ನಾಡರ 'ನಾಗಮಂಡಲ'ದ ಬಗ್ಗೆ ಮಾತಾಡುವವರು ಬಹುಮಟ್ಟಿಗೆ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತಾರೆ. ಹಗಲು ಬರುವ ಅಪ್ಪಣ್ಣ ಬೇರೆ, ರಾತ್ರಿ ಬರುವ ಅಪ್ಪಣ್ಣ ಬೇರೆ ಎಂಬುದು ರಾಣಿಗೆ ಗೊತ್ತಿತ್ತೋ ಇಲ್ಲವೋ? ಪ್ರಶ್ನೆ ಒಳ್ಳೆಯದೇ. ಆದರೆ ಈಚೆಗೆ ನಾಟಕವನ್ನು ಮತ್ತೆ ಓದುವಾಗ ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ: ಆ ಊರಿಗೆ ಗೊತ್ತಿತ್ತೋ ಇಲ್ಲವೋ?

ಗೊತ್ತಿರದೇ ಇರಲು ಸಾಧ್ಯವಿಲ್ಲ. ಅಪ್ಪಣ್ಣ ಬೀಗ ಹಾಕುವುದು ಹೊರಗಿನಿಂದ. ಮಧ್ಯಾಹ್ನ ಬಂದು, ಉಂಡು, ಮತ್ತೆ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಬೀದಿಯಲ್ಲಿ ಓಡಾಡುವ ಯಾರಿಗಾದರೂ ಆ ಬೀಗ ಕಾಣುತ್ತದೆ. ಆದರೂ ಊರ ಹಿರಿಯರು ಆ ಮನೆಯ ವಿಷಯಕ್ಕೆ ಬರುವುದು ರಾಣಿ ಬಸುರಾದಾಗ, ಅದೂ ಗಂಡ ದೂರು ಕೊಟ್ಟ ಮೇಲೆ. ಹೆಂಡತಿಯನ್ನು ಕೂಡಿಹಾಕಿದ್ದು, ಒದ್ದದ್ದು ಪಂಚಾಯಿತಿಯ ಕಟ್ಟೆ ಹತ್ತುವ ವಿಷಯವಲ್ಲ. ಆಕೆಯ ಶೀಲ ಮಾತ್ರ ಊರಿನ ವಿಷಯ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ನಾವು ಇಂದಿಗೂ ವಿವೇಕದ ಮಾತೆಂಬಂತೆ ಬಳಸುತ್ತೇವೆ. ಆ ಗಾದೆಯಲ್ಲಿ ಜಗಳವಿದೆ, ಹೊಡೆತವಿಲ್ಲ. ಹೊಡೆತವನ್ನು ಜಗಳ ಎಂದು ಕರೆದುಬಿಟ್ಟರೆ ಪಕ್ಕದ ಮನೆಯವರು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

ಆ ಇಡೀ ಊರಿನಲ್ಲಿ ರಾಣಿಯ ಕಿಟಕಿಯ ತನಕ ಬರುವವಳು ಕುರುಡವ್ವ ಒಬ್ಬಳೇ. ಕಣ್ಣಿಲ್ಲದವಳು, ಮಗ ಕಪ್ಪಣ್ಣನ ಬೆನ್ನೇರಿ ಬರುವವಳು. ಮಗನಿಗೆ ಇದು ಇಷ್ಟವಿಲ್ಲ. ಮಂದಿಯ ಮನೆಯ ಉಸಾಬರಿ ನಮಗೇಕೆ ಎಂಬುದು ಅವನ ತಕರಾರು. ಅಪ್ಪಣ್ಣನ ತಾಯಿ ತನ್ನ ಗೆಳತಿಯಾಗಿದ್ದಳು, ಸೊಸೆಯನ್ನು ನೋಡಬೇಕು ಎಂಬುದಷ್ಟೇ ಮುದುಕಿಯ ನೆಪ. ನೋಡುವ ಕಣ್ಣಿದ್ದವರು ಸುಮ್ಮನಿದ್ದಾಗ ಕುರುಡಿ ಬಂದಳು ಎಂಬ ವ್ಯಂಗ್ಯವನ್ನು ವಿಮರ್ಶಕರು ಗುರುತಿಸಿದ್ದಾರೆ. ನನಗೆ ಮುಖ್ಯವೆನಿಸುವುದು ಆಕೆಯ ನಂತರ ನಡೆಯುವುದು. ಅಪ್ಪಣ್ಣ ನಾಯಿ ತರುತ್ತಾನೆ, ಆಮೇಲೆ ಮುಂಗುಸಿ ತರುತ್ತಾನೆ. ನಾಯಿ ಕಟ್ಟಿದ್ದು ಕಳ್ಳರಿಗಲ್ಲ, ವಿಚಾರಿಸಲು ಬರುವ ನೆರೆಯವರಿಗೆ. ಹೊಡೆಯುವ ಗಂಡಸು ಮೊದಲು ಕತ್ತರಿಸುವುದು ಹೆಂಡತಿಗೂ ಓಣಿಗೂ ಇರುವ ದಾರಿಯನ್ನು ಎಂಬುದು ಕಾರ್ನಾಡರಿಗೆ ಚೆನ್ನಾಗಿ ತಿಳಿದಿತ್ತು.

ರಾಯಚೂರಿನಲ್ಲಿ ನಾವು ಬಾಡಿಗೆಗಿದ್ದ ಓಣಿಯಲ್ಲಿ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೇಸಿಗೆಯಲ್ಲಂತೂ ಎಲ್ಲರೂ ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ ಮಲಗುತ್ತಿದ್ದುದರಿಂದ ಯಾರ ಮನೆಯ ಸದ್ದೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಒಂದು ಮನೆಯಿಂದ ಹೊಡೆಯುವ ಸದ್ದು ಬಂದಾಗ ದೇವದುರ್ಗ ಕಡೆಯ ಒಬ್ಬ ಅಜ್ಜಿ ಬಟ್ಟಲು ಹಿಡಿದು ಎದ್ದು ಹೋಗುತ್ತಿದ್ದಳು. "ಯವ್ವಾ, ಸ್ವಲ್ಪ ಹೆಪ್ಪು ಇದ್ರ ಕೊಡಬೇ" ಎಂದು ಬಾಗಿಲು ಬಡಿಯುತ್ತಿದ್ದಳು. ಸದ್ದು ನಿಲ್ಲುತ್ತಿತ್ತು. ಕೆಲವು ದಿನ ನಡೆಯಿತು. ಒಂದು ರಾತ್ರಿ ಅವನೇ ಬಾಗಿಲು ತೆಗೆದು, "ದಿನಾ ನಿಮ್ಮ ಮನ್ಯಾಗ ಹೆಪ್ಪು ಇರಂಗಿಲ್ಲೇನು?" ಎಂದು ಮುಖಕ್ಕೆ ಬಾಗಿಲು ಹಾಕಿದ. ಮರುದಿನ ನಳದ ಹತ್ತಿರ ಆ ಹೆಣ್ಣುಮಗಳು ಅಜ್ಜಿಗೆ ಹೇಳಿದ್ದು ನನ್ನ ಹೆಂಡತಿಯ ಕಿವಿಗೂ ಬಿತ್ತು: "ನೀ ಬಂದ್ ಹೋದ ಮ್ಯಾಲ ಜಾಸ್ತಿ ಆಗ್ತದಬೇ ಅಮ್ಮಾ." ನಾನೂ ಹೋಗಬೇಕೇ ಎಂದು ನಾವಿಬ್ಬರೂ ಅಂದು ಬಹಳ ಹೊತ್ತು ಮಾತಾಡಿದೆವು. ಗಂಡಸಾದ ನಾನು ಹೋದರೆ, ಅವನ್ಯಾಕೆ ಬಂದ ಎಂಬ ಅನುಮಾನದ ಹೊಡೆತ ಆಕೆಗೇ ಬೀಳುತ್ತದೆ ಎಂಬುದು ಹೆಂಡತಿಯ ವಾದ. ಅದು ಅಂಜಿಕೆಯ ಮಾತಾಗಿರಲಿಲ್ಲ. ಅಜ್ಜಿ ಮಾತ್ರ ಆಕೆಯನ್ನೇ ಕೇಳಿದಳು: "ನಾವು ಏನ್ ಮಾಡೂಣು, ನೀನೇ ಹೇಳು." ಆಕೆ ಹೇಳಿದ ಮೇಲೆ ಓಣಿಯ ನಾಲ್ಕು ಹೆಂಗಸರು ಸಂಜೆ ಜೋಳ ಹಸನು ಮಾಡುವ ನೆಪದಲ್ಲಿ ಆ ಮನೆಯ ಕಟ್ಟೆಯ ಮೇಲೆ ಕೂಡತೊಡಗಿದರು, ಕೊಡ ಬಿದ್ದ ಸದ್ದಾದರೆ ಒಳಗೆ ಹೋಗುವುದೆಂದು ಮಾತಾಯಿತು. ಆಕೆ ಆಮೇಲೆ ಮಾನ್ವಿ ಕಡೆಯ ತವರಿಗೆ ಹೋದಳು, ಮತ್ತೆ ಬಂದಳು. ಸುಖಾಂತವೇನೂ ಆಗಲಿಲ್ಲ. ಆದರೆ ಯಾವಾಗ ಬಾಗಿಲು ಬಡಿಯಬೇಕು ಎಂಬ ತೀರ್ಮಾನ ಒಳಗಿದ್ದವಳದಾಗಿತ್ತು.

ಇದನ್ನಿಟ್ಟುಕೊಂಡು ನೋಡಿದರೆ ಕುರುಡವ್ವನ ಮಿತಿಯೂ ಕಾಣುತ್ತದೆ. ಆಕೆ ರಾಣಿಗೆ ಕೊಡುವುದು ಗಂಡನನ್ನು ಒಲಿಸಿಕೊಳ್ಳುವ ಬೇರು. ತಾನು ಬಳಸಿ ಗೆದ್ದ ಬೇರು. ಬೀಗ ಹಾಕುವವನನ್ನು ಪ್ರಶ್ನಿಸುವ ಯೋಚನೆ ಆಕೆಗೂ ಬರುವುದಿಲ್ಲ. 'ಹೊಂದಿಕೊಂಡು ಹೋಗವ್ವಾ' ಎಂಬ ನಮ್ಮ ಹಿರಿಯರ ಬುದ್ಧಿಮಾತಿಗೂ ಆ ಬೇರಿಗೂ ಹೆಚ್ಚು ದೂರವಿಲ್ಲ. ರಾಣಿ ಕೆಂಪಗೆ ಕುದಿದ ಸಾರನ್ನು ಕಂಡು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ನೆರೆಯವಳ ಮದ್ದನ್ನು ರಾಣಿ ತನ್ನ ಬುದ್ಧಿಯಿಂದ ನಿರಾಕರಿಸುವ ಗಳಿಗೆಯಿದು ಎಂದು ನಾನು ಓದುತ್ತೇನೆ. ನಾಟಕ ಮುಂದೆ ಈ ದಾರಿ ಬಿಟ್ಟು ಪವಾಡದ ಕಡೆ ಹೊರಳುತ್ತದೆ. ನಾಗದಿವ್ಯ ಗೆದ್ದು ರಾಣಿ ದೇವಿಯಾದ ಮೇಲೆಯೇ ಅಪ್ಪಣ್ಣ ಕಾಲಿಗೆ ಬೀಳುವುದು. ದೇವಿಯಾಗದ ಹೆಂಡತಿಯ ಗತಿಯೇನು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಕುರುಡವ್ವನೂ ಕೊನೆಗೆ ಕಳೆದುಹೋದ ಮಗನನ್ನು ಹುಡುಕುತ್ತ ಅಲೆಯುವವಳಾಗುತ್ತಾಳೆ. ಊರಿಗೆ ದೇವಿ ಸಿಕ್ಕಳು, ನೆರೆಯವಳು ಮರೆತುಹೋದಳು.

2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ ಆರಂಭಿಸಿದ 'ಬೆಲ್ ಬಜಾವೋ' ಜಾಹೀರಾತುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದವನು ಹೋಗಿ ಗಂಟೆ ಒತ್ತುತ್ತಾನೆ, ಏನೋ ಚಿಕ್ಕ ನೆಪ ಹೇಳುತ್ತಾನೆ, ಹೊಡೆತ ನಿಲ್ಲುತ್ತದೆ. ನಮ್ಮ ಓಣಿಯ ಹೆಪ್ಪಿನ ಬಟ್ಟಲೇ ಅದು. ಅಡ್ಡ ಹೋಗಲು ಶೂರನಾಗಬೇಕಿಲ್ಲ ಎಂದು ತೋರಿಸಿದ್ದು ಅದರ ಹೆಚ್ಚುಗಾರಿಕೆ. ಆದರೆ ಚಿತ್ರ ಬಾಗಿಲು ತೆರೆದಲ್ಲಿಗೆ ಮುಗಿಯುತ್ತದೆ. ಬಾಗಿಲು ಮತ್ತೆ ಮುಚ್ಚಿದ ಮೇಲಿನ ರಾತ್ರಿ ಅಲ್ಲಿಲ್ಲ.

ಆ ರಾತ್ರಿಗೆ ಕಾನೂನು ಒಂದು ದಾರಿ ಕೊಟ್ಟಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ದಾವೆಯಾಗಲಿ ಕೇಸಾಗಲಿ ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ತಾಲೂಕು ಮಟ್ಟದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆಯಿದೆ. ತುರ್ತಿಗೆ 112, ಸಲಹೆ ಸಹಾಯಕ್ಕೆ 181 ಇವೆ. ಅಂದರೆ ನೆರೆಯವರ ಮಾತಿಗೆ ಕಾನೂನಿನಲ್ಲಿ ಈಗ ಜಾಗವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವವರು ಹೆಚ್ಚಿದರೋ, ಎರಡೂ ಇರಬಹುದು. ಹೇಗಿದ್ದರೂ ಇದು ಎಲ್ಲೋ ನಡೆಯುವ ಸಂಗತಿಯಲ್ಲ, ನಮ್ಮ ಓಣಿಯದೇ.

ನಮ್ಮ ಭಾಗದ ಇನ್ನೊಂದು ಸಂಗತಿ ನಾಟಕದಲ್ಲೂ ಜಾಹೀರಾತಿನಲ್ಲೂ ಇಲ್ಲ. ದೇವದುರ್ಗ, ಮಾನ್ವಿ ತಾಲೂಕುಗಳಿಂದ ಗುಳೆ ಹೋಗುವ ಕುಟುಂಬಗಳು ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಇರುತ್ತವೆ. ಅಲ್ಲಿ ಹೆಪ್ಪು ಕೇಳುವ ಅಜ್ಜಿಯಿಲ್ಲ, ಕೂಡಲು ಕಟ್ಟೆಯಿಲ್ಲ, ತವರು ಒಂದು ರಾತ್ರಿಯ ಬಸ್ಸಿನ ದೂರ. ಅಪ್ಪಣ್ಣ ಬೀಗ ಹಾಕದೆಯೇ ಅಲ್ಲಿ ಬೀಗ ಬಿದ್ದಿರುತ್ತದೆ.

ಮುಂದೆ ಯಾವುದಾದರೂ ತಂಡ ಈ ನಾಟಕ ಆಡಿದರೆ ನನ್ನದೊಂದು ಕೋರಿಕೆ. ಬೀಗ ಬಿದ್ದ ಬಾಗಿಲ ಮುಂದೆ ಊರಿನ ನಾಲ್ಕು ಜನ ಹಾದುಹೋಗಲಿ. ಮಾತು ಬೇಡ, ಬೀಗ ನೋಡಿ ಮುಂದೆ ಹೋದರೆ ಸಾಕು. ಆಮೇಲೆ ಬರಲಿ ಕುರುಡವ್ವ, ಮಗನ ಬೆನ್ನೇರಿ.